ನನ್ನ ಸಲಹೆಯ ಮೇರೆಗೆ ಬಂದ ಟೀ ಗಾಡಿ

“ಹೇಳಪ್ಪ, ನಿಮ್ಮ ಕಡೆಯವರ ಸಲಹೆ ಏನು?” ಎಂದು ಮ್ಯಾನೇಜರ್ ಸಾಹೇಬರು ಕೇಳಿದಾಗ ನನ್ನ ಬಾಯಲ್ಲಿ ಅರ್ಧ ಬಿಸ್ಕತ್ತಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೇಜಿನ ಆ ಕಡೆ ಐದು ಜನ ಆಫೀಸರುಗಳು, ಈ ಕಡೆ ನಾವು ಐದು ಜನ ಕೆಲಸಗಾರರು. ಇದಕ್ಕೆ ಜಂಟಿ ಸಮಿತಿ ಅಂತ ಹೆಸರು. ಸರ್ಕಾರಿ ಕಾರ್ಖಾನೆ ಅಂದಮೇಲೆ ಕೆಲಸಗಾರರ ಮಾತನ್ನೂ ಕೇಳಬೇಕು ಎಂದು ಮೇಲಿನಿಂದ ಆರ್ಡರ್ ಬಂದಿತ್ತಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಶೆಡ್ಡಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡುತ್ತೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರಿಸಿದ್ದರು. ಮೆತ್ತನೆ ಕುರ್ಚಿಯಲ್ಲಿ ಕೂತಮೇಲೆ ಆ ಕೂಗು ಎಲ್ಲಿ ಹೋಯಿತೋ!

ಕೇಳಬೇಕಾದದ್ದು ಒಂದೇ. ಹತ್ತು ನಿಮಿಷದ ಟೀ ಬಿಡುವನ್ನು ಹದಿನೈದು ಮಾಡಿಸಬೇಕು. ಜಯನಗರದ ನನ್ನ ರೂಮಿನಿಂದ ಸೈಕಲ್ ತುಳಿಯುತ್ತಾ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದೆ. ಬಾಯಿಂದ ಬಂದದ್ದು ಬೇರೆ. “ಸಾರ್, ಕ್ಯಾಂಟೀನು ಬಹಳ ದೂರ. ನಡೆಯೋದ್ರಲ್ಲೇ ಟೈಮ್ ಹೋಗ್ತದೆ. ಟೀ ತಣ್ಣಗಾಗಿರ್ತದೆ.” ಹದಿನೈದು ನಿಮಿಷದ ಮಾತು ಎತ್ತುವ ಬದಲು ಕೈಯಲ್ಲಿದ್ದ ಉಳಿದರ್ಧ ಬಿಸ್ಕತ್ತನ್ನೂ ಬಾಯಿಗೆ ಹಾಕಿಕೊಂಡೆ.

ಸಾಹೇಬರು ಮೇಜು ಕುಟ್ಟಿದರು. “ಭೇಷ್! ಸಹಕಾರ ಅಂದ್ರೆ ಇದಪ್ಪ! ನೀವ್ಯಾಕೆ ನಡೀಬೇಕು? ಗಾಡೀಲಿ ಟೀನೇ ನಿಮ್ಮ ಮೆಷಿನ್ ಹತ್ರ ಬರ್ಲಿ. ಬಿಡುವೇ ಬೇಕಾಗಲ್ಲ!” ಆಫೀಸರುಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಯಾಕೆ ಎಂದು ಕೇಳಬೇಡಿ. ನಾನು ತಟ್ಟಿದ್ದು ನೋಡಿ ಉಳಿದ ನಾಲ್ವರು ಕೆಲಸಗಾರರೂ ತಟ್ಟಿದರು.

ಸಂಜೆಯೊಳಗೆ ನೋಟೀಸ್ ಬೋರ್ಡಿನಲ್ಲಿ ‘ಕೆಲಸಗಾರರ ಪ್ರತಿನಿಧಿಯ ಸಲಹೆಯ ಮೇರೆಗೆ ಟೀ ಬಿಡುವು ರದ್ದು’ ಎಂದು ಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದರು. ನಮ್ಮ ಶೆಡ್ಡಿನಲ್ಲೇ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಪುಟ್ಟೇನಹಳ್ಳಿಯ ಮುನಿಯಣ್ಣ ಅದನ್ನು ಯಾರಿಂದಲೋ ಓದಿಸಿಕೊಂಡು ನೇರ ನನ್ನ ಹತ್ತಿರ ಬಂದ.

“ಏನ್ಲಾ ಮಾಡ್ಬಿಟ್ಟೆ? ಐದು ನಿಮಿಷ ಈಸ್ಕೊಂಡು ಬಾ ಅಂದ್ರೆ, ಇದ್ದ ಹತ್ತೂ ಕೊಟ್ಟು ಬಂದ್ಯಾ?”

“ಬಿಸಿ ಟೀ ಬರ್ತದಲ್ಲ ಮುನಿಯಣ್ಣ…”

“ಟೀ ಯಾವನಿಗ್ಲಾ ಬೇಕು? ಫೌಂಡ್ರಿ ಶೆಡ್ಡಿನ ಕೆಂಚಣ್ಣನ ಮಗನಿಗೆ ನನ್ನ ಮಗಳನ್ನ ಕೊಡೋ ಮಾತು ಅರ್ಧಕ್ಕೆ ನಿಂತದೆ. ಕೆಂಚಣ್ಣ ಸಿಗ್ತಿದ್ದಿದ್ದೇ ಕ್ಯಾಂಟೀನ್ ದಾರೀಲಿ. ಈಗ ಮೆಷಿನ್ ಬಿಟ್ಟು ಹೆಂಗ್ಲಾ ಹೋಗ್ಲಿ?”

ಪ್ರತಿನಿಧಿ ಕೆಲಸವನ್ನೇ ಬಿಡುತ್ತೇನೆ ಎಂದೆ. ಮುನಿಯಣ್ಣ ಒಪ್ಪಲಿಲ್ಲ. “ಬಿಡ್ಬೇಡ. ಪ್ರತಿನಿಧಿ ಅಂತ ಶೆಡ್ಡಿಂದ ಶೆಡ್ಡಿಗೆ ಓಡಾಡೋಕೆ ಈಗ ನಮ್ಮ ಶೆಡ್ಡಲ್ಲಿ ಪರ್ಮಿಷನ್ ಇರೋದು ನಿನಗೊಬ್ಬನಿಗೇ. ನೀನೇ ಹೋಗಿ ಮಾತು ಮುಗಿಸ್ಕೊಂಡು ಬಾ.”

ಸೋಮವಾರ ಹೋಗಬೇಕು. ಕೆಂಚಣ್ಣ ಘಾಟಿ ಮನುಷ್ಯನಂತೆ. ಅವನಿಗೂ ಒಬ್ಬಳು ಮಗಳಿದ್ದಾಳಂತೆ, ನನಗಿನ್ನೂ ಮದುವೆಯಾಗಿಲ್ಲ. ಅವನೇನಾದರೂ “ನನ್ನ ಮಗಳನ್ನ ಮಾಡ್ಕೊಳ್ತೀಯಾ” ಅಂತ ಕೇಳಿ, ನಾನು ಗಾಬರಿಯಲ್ಲಿ “ಆಗ್ಲಿ ಸಾರ್” ಅಂದುಬಿಟ್ಟರೆ? ಅಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.