ನಾನು ಹಿಡಿದ ಬಾಟ್

ನನ್ನ ಉದ್ಯೋಗವನ್ನು ಉದ್ಯೋಗವೆಂದು ಒಪ್ಪಿಕೊಂಡವರು ನಮ್ಮ ಮನೆಯಲ್ಲಿ ಇದುವರೆಗೆ ಒಬ್ಬರೂ ಇಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿ ಹಿಡಿದು, ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತೇನೆ. ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ಬರುತ್ತೇನೆ. ಉದ್ಯೋಗವೆಂದರೆ ಇನ್ನು ಹೇಗಿರಬೇಕು? ಆದರೂ ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಅಕ್ಕಪಕ್ಕದವರಿಗೆ ನನ್ನ ಪರಿಚಯ ಮಾಡಿಕೊಡುವುದು ಹೀಗೆ: "ನಮ್ಮ ಅಳಿಯಂದಿರು ದಿನಾ ಆಟ ಆಡೋಕೆ ಹೋಗ್ತಾರೆ."

ಆಡುವುದಲ್ಲ ಸ್ವಾಮಿ, ಆಡುವವರನ್ನು ಕಾಯುವುದು! ಕಂಪ್ಯೂಟರಿನಲ್ಲಿ ಸಾವಿರಾರು ಜನ ಏಕಕಾಲಕ್ಕೆ ಸೇರಿ ಆಡುವ ಒಂದು ಹಳೆಯ ಆಟ ನಮ್ಮ ಕಂಪನಿಯದು. ಅದರಲ್ಲಿ ಯುದ್ಧ ಗಿದ್ಧ ಏನೂ ಇಲ್ಲ. ಒಂದು ಊರು, ಒಂದು ಕೆರೆ, ಒಂದು ಸಂತೆ. ಜನ ಬರುತ್ತಾರೆ, ಮನೆ ಕಟ್ಟುತ್ತಾರೆ, ಗಿಡ ನೆಡುತ್ತಾರೆ, ಹಣ್ಣು ಬಿಟ್ಟರೆ ಮಾರುತ್ತಾರೆ. ಇಂಥ ನಿರುಪದ್ರವಿ ಲೋಕಕ್ಕೂ ಕಳ್ಳರು ನುಗ್ಗಿದ್ದಾರೆ. ಕೆಲವರು ತಾವು ಆಡುವ ಬದಲು ಒಂದು ಪ್ರೋಗ್ರಾಮನ್ನು ಕೂರಿಸಿ ಅದರ ಕೈಯಲ್ಲಿ ಹಣ್ಣು ಕೀಳಿಸುತ್ತಾರೆ. ಅದಕ್ಕೆ ಬಾಟ್ ಎನ್ನುತ್ತೇವೆ. ಹಾಗೆ ಕಿತ್ತ ಹಣ್ಣನ್ನು ಆಟದ ಹೊರಗೆ, ನಿಮ್ಮ ನಮ್ಮ ಜೇಬಿನ ನಿಜವಾದ ದುಡ್ಡಿಗೆ ಕದ್ದು ಮಾರುತ್ತಾರೆ. ಇದು ಮಹಾಪರಾಧ. ಇನ್ನು "ನಾವು ಕಂಪನಿಯವರು, ಸ್ವಲ್ಪ ನಿಮ್ಮ ಪಾಸ್‌ವರ್ಡ್ ಹೇಳಿ" ಎಂದು ಅಮಾಯಕರಿಗೆ ಗಾಳ ಹಾಕುವವರಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಇವರೆಲ್ಲರನ್ನೂ ಸದೆಬಡಿಯಲು ಹುಟ್ಟಿದ ಕಳ್ಳಾಟ ನಿಗ್ರಹ ವಿಭಾಗದ ಮೂರನೆಯ ಕುರ್ಚಿಯಲ್ಲಿ ಕೂತಿರುವವನೇ ನಾನು. (ಒಟ್ಟು ಇರುವುದು ಮೂರೇ ಕುರ್ಚಿ.)

ಲೋಕಕ್ಕೆ ಬುದ್ಧಿ ಹೇಳುವವನು ಮನೆಯಿಂದಲೇ ಶುರು ಮಾಡಬೇಕೆಂದು ನಾನು ಕಳೆದ ವರ್ಷ ಊಟದ ಮೇಜಿನ ಮುಂದೆ ಒಂದು ಭಾಷಣ ಬಿಗಿದಿದ್ದೆ. ಯಾರೇ ಗುರುತಿಲ್ಲದವರು ಬಂದು ಏನೇ ಕೇಳಿದರೂ ಉತ್ತರ ಕೊಡಬಾರದು. ಕಂಪನಿಯವರು ಎಂದರೂ ಕೊಡಬಾರದು. ನಿಮ್ಮ ಯಜಮಾನರ ಸ್ನೇಹಿತರು ಎಂದರಂತೂ ಖಂಡಿತ ಕೊಡಬಾರದು. "ಹೂಂ ಅಂತ ಕೂಡ ಅನ್ನಬೇಡಿ, ಬಾಯಿ ಬಿಟ್ಟರೆ ಗಾಳ ಸಿಕ್ಕಿಕೊಂಡಿತು ಅಂತಲೇ ಅರ್ಥ" ಎಂದು ಮೇಜು ಕುಟ್ಟಿ ಹೇಳಿದೆ. ಅತ್ತೆಯವರು ಎಷ್ಟು ಮನಸ್ಸಿಗೆ ತೆಗೆದುಕೊಂಡರೆಂದರೆ, ಮರುದಿನ ಅವರ ಸ್ವಂತ ತಮ್ಮ ಫೋನ್ ಮಾಡಿ "ಅಕ್ಕಾ, ನಾನು ಕಣೇ" ಎಂದಾಗ "ಎಲ್ಲ ಕಳ್ಳರೂ ಹಾಗೇ ಅನ್ನೋದು" ಎಂದು ಇಟ್ಟುಬಿಟ್ಟರು. ನನ್ನವಳು ಮಾತ್ರ ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೇಳಿಸಿಕೊಂಡಿದ್ದಳು. ನನ್ನ ಮಾತು ಅವಳ ಕಿವಿಗೆ ಬೀಳುವುದೇ ಇಲ್ಲವೆಂದು ನಾನು ನಂಬಿದ್ದ ಕಾಲ ಅದು.

ಮೊನ್ನೆ ಸೋಮವಾರ ನನ್ನ ಪರದೆಯ ಮೇಲೆ ಒಂದು ಸಂಖ್ಯೆ ಕೆಂಪಗೆ ಹೊಳೆಯಿತು. ನಮಗೆ ಆಟಗಾರರ ಹೆಸರು ಕಾಣುವುದಿಲ್ಲ, ಅವರ ಮನೆ ಕಾಣುವುದಿಲ್ಲ, ಬರೀ ಸಂಖ್ಯೆ ಮತ್ತು ಅವರು ಮಾಡಿದ ಕೆಲಸಗಳ ಪಟ್ಟಿ. (ನಂಟರು ಇಷ್ಟರು ಎಂದು ಪಕ್ಷಪಾತ ಮಾಡಬಾರದು ನೋಡಿ, ಅದಕ್ಕೆ.) ಈ ಪಟ್ಟಿ ನೋಡಿದ ಕೂಡಲೇ ನನ್ನ ಮೈಯೆಲ್ಲ ಕಣ್ಣಾಯಿತು. ದಿನವೂ ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ ಪ್ರತ್ಯಕ್ಷ. ಕೆರೆಯಿಂದ ಹನ್ನೆರಡು ಕೊಡ ನೀರು ಹೊರುವುದು. ಹಣ್ಣು ಕೀಳುವುದು. ದಾರಿಯಲ್ಲಿ ಸಿಕ್ಕ ಹೊಸ ಆಟಗಾರರಿಗೆ ಅದನ್ನು ಪುಕ್ಕಟೆ ಹಂಚಿ, ಹನ್ನೊಂದೂ ನಲವತ್ತಕ್ಕೆ ಅಂತರ್ಧಾನ. ಒಂದು ದಿನ ತಪ್ಪಿಲ್ಲ, ಒಂದು ಹೆಜ್ಜೆ ಆಚೀಚೆ ಇಲ್ಲ. ಇಷ್ಟು ಶಿಸ್ತು ಮನುಷ್ಯರಿಗೆ ಎಲ್ಲಿಂದ ಬರಬೇಕು? ಪುಕ್ಕಟೆ ಕೊಡುವುದಂತೂ ಕಳ್ಳವ್ಯಾಪಾರದ ಪಕ್ಕಾ ಗುರುತು. ಆಟದೊಳಗೆ ಪುಕ್ಕಟೆ ಎಂದರೆ ಹೊರಗೆ ದುಡ್ಡು ಕೈ ಬದಲಾಯಿಸಿದೆ ಎಂದೇ ಲೆಕ್ಕ.

ಆದರೂ ನಾನು ನ್ಯಾಯವಂತ. ನಿಯಮದ ಪ್ರಕಾರ ಆ ಸಂಖ್ಯೆಗೆ ಸಂದೇಶ ಕಳಿಸಿದೆ: "ತಾವು ಮನುಷ್ಯರೇ? ದಯವಿಟ್ಟು ಉತ್ತರಿಸಿ." ಉತ್ತರವಿಲ್ಲ. ಎರಡನೆಯ ಸಲ ಕೇಳಿದೆ. ನೀರು ಹೊರುವುದು ನಿಲ್ಲಲಿಲ್ಲ. ಮೂರನೆಯ ಸಲ ಕೇಳಿ, ಉತ್ತರ ಬರಲು ಕೊಟ್ಟಿರುವ ಎರಡು ನಿಮಿಷವನ್ನೂ ಪೂರ್ತಿ ಕಾಯದೆ (ಮನುಷ್ಯರಾಗಿದ್ದರೆ ಅಷ್ಟು ಹೊತ್ತು ಬೇಕೇ?) ಗುಂಡಿ ಒತ್ತಿದೆ. ಖಾತೆ ಬಂದ್. ಇಬ್ಬರು ಸಹೋದ್ಯೋಗಿಗಳಿಗೂ ನನ್ನ ಖರ್ಚಿನಲ್ಲೇ ಚಹಾ ಕುಡಿಸಿ, ಸಂಜೆ ಮನೆಗೆ ಒಂದು ದೊಡ್ಡ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ಹೋದೆ.

ಮನೆಯಲ್ಲಿ ದೀಪ ಹಾಕಿರಲಿಲ್ಲ. ನನ್ನವಳು ಅಡುಗೆಮನೆಯ ಸ್ಟೂಲಿನ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದಳು.

"ಏನಾಯ್ತೇ?"

"ನಮ್ಮ ಮನೆ ಹೋಯ್ತು ರೀ."

ಗೋಡೆ ನೋಡಿದೆ, ಸೂರು ನೋಡಿದೆ. ಎಲ್ಲ ಇದ್ದಲ್ಲೇ ಇತ್ತು.

"ಯಾವ ಮನೆ?"

"ಕೆರೆ ದಂಡೆ ಮನೆ. ನಾವಿಬ್ಬರೂ ಕಟ್ಟಿದ್ದು. ಮರೆತೇಬಿಟ್ರಾ?"

ಮರೆತೇಬಿಟ್ಟಿದ್ದೆ. ಅವಳು ಹೇಳಿದ ಮೇಲೆ ಒಂದೊಂದೇ ನೆನಪಾಗತೊಡಗಿತು. ಮದುವೆಯಾದ ಹೊಸತು. ನನಗೆ ಒಂದು ಊರಿನಲ್ಲಿ ಕೆಲಸ, ಅವಳು ಇನ್ನೊಂದು ಊರಿನಲ್ಲಿ ಹೊಲಿಗೆ ಕಲಿಸುವ ಶಾಲೆಯಲ್ಲಿ. ಫೋನಿನಲ್ಲಿ ಮಾತಾಡೋಣವೆಂದರೆ ಅವಳ ಮನೆಯಲ್ಲಿ ಫೋನ್ ಇದ್ದದ್ದು ಮಾವನವರ ಕುರ್ಚಿಯ ಪಕ್ಕದಲ್ಲಿ. "ಊಟ ಆಯ್ತಾ?" "ಆಯ್ತು." "ಮತ್ತೆ?" "ಮತ್ತೇನಿಲ್ಲ." ಇಷ್ಟೇ ನಮ್ಮ ಪ್ರೇಮಾಲಾಪ. ಆಗ ಈ ಆಟ ಹೊಸದಾಗಿ ಬಂದಿತ್ತು. ದಿನವೂ ಸಂಜೆ ಆರಕ್ಕೆ ನಾನು ನನ್ನ ಬೀದಿಯ ಇಂಟರ್‌ನೆಟ್ ಅಂಗಡಿಗೆ, ಅವಳು ಅವಳ ಬೀದಿಯ ಇಂಟರ್‌ನೆಟ್ ಅಂಗಡಿಗೆ. ಕಾಲು ಮುರಿದ ಕುರ್ಚಿ, ಅಕ್ಷರ ಅಳಿಸಿಹೋದ ಕೀಲಿಮಣೆ, ಹಿಂದೆ ಕಾದು ನಿಂತವರ ನಿಟ್ಟುಸಿರು. ಆದರೂ ಆ ಒಂದು ಗಂಟೆ ನಾವು ಗಂಡ ಹೆಂಡತಿ. ಕೆರೆ ದಂಡೆಯಲ್ಲಿ ಎರಡು ಕೋಣೆಯ ಮನೆ ಕಟ್ಟಲು ಮೂರು ತಿಂಗಳು ಹಿಡಿಯಿತು. ಕಿಟಕಿ ಯಾವ ಕಡೆ ಇಡಬೇಕೆಂದು ಎಂಟು ದಿನ ಮಾತು ಬಿಟ್ಟಿದ್ದೆವು. ನಿಜವಾದ ಸಂಸಾರಕ್ಕೆ ಮೊದಲೇ ನಿಜವಾದ ಜಗಳ ಆಡಿ ಮುಗಿಸಿದ ದಂಪತಿ ನಾವು. ಆಮೇಲೆ ಆ ಕಿಟಕಿಯ ಮುಂದೆ ಎರಡು ಕುರ್ಚಿ ಹಾಕಿ ಸಂಜೆಗಳನ್ನೆಲ್ಲ ಅಲ್ಲೇ ಕಳೆದೆವು.

"ನೀವು ಕೆಲಸ ಬದಲಿಸಿ ನಮ್ಮ ಈ ಊರಿಗೆ ಬಂದ ಮೇಲೆ ಆ ಕಡೆ ತಲೆ ಹಾಕಲಿಲ್ಲ" ಎಂದಳು. "ದಿನಾ ನೀವು ಆಫೀಸಿಗೆ ಹೊರಟ ಮೇಲೆ, ರಜಾ ದಿನ ನೀವು ಪೇಪರ್ ಓದ್ತಾ ಕೂತಾಗ, ನಾನೇ ಹೋಗಿ ಗಿಡಕ್ಕೆ ನೀರು ಹಾಕಿ ಬರ್ತಿದ್ದೆ. ಹದಿನಾರು ವರ್ಷ. ಇವತ್ತು ಹೋದ್ರೆ ಯಾರೋ ಅಯೋಗ್ಯ ಬಂದು ಮೂರು ಸಲ ಕೇಳ್ದ, ನೀವು ಮನುಷ್ಯರಾ ಅಂತ."

ಬಿಸ್ಕತ್ತಿನ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ನೀನು... ಉತ್ತರ ಕೊಡಬಾರದಿತ್ತೇನೇ?"

"ನೀವೇ ಹೇಳಿದ್ರಲ್ಲ, ಕಂಪನಿಯವರು ಅಂದ್ರೂ ಹೂಂ ಅನ್ನಬಾರದು ಅಂತ! ನಿಮ್ಮ ಮಾತು ಕೇಳಿದ್ದಕ್ಕೆ ಮನೆ ಹೋಯ್ತು."

ಮದುವೆಯಾದ ಮೇಲೆ ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಇದೊಂದೇ ಸಲ. ಆ ಅಯೋಗ್ಯ ಯಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. "ಹಣ್ಣು ಯಾಕೆ ಹಂಚ್ತಿದ್ದೆ?" ಎಂದು ಮೆಲ್ಲಗೆ ಕೇಳಿದೆ. "ಇನ್ನೇನು ಮಾಡಲಿ? ಎಷ್ಟೂಂತ ಕೊಳೆಯೋಕೆ ಬಿಡಲಿ? ಹೊಸಬರು ಪಾಪ, ಬರಿಗೈಯಲ್ಲಿ ಓಡಾಡ್ತಿರ್ತಾರೆ" ಎಂದಳು. ಇಂಥವಳನ್ನು ನಾನು ಕಳ್ಳವ್ಯಾಪಾರಿ ಎಂದು ದಾಖಲು ಮಾಡಿದ್ದೆ.

ಆಟದ ನಿಯಮ ಕಟ್ಟುನಿಟ್ಟು. ಏಳು ದಿನ ನೀರು ಕಾಣದ ಮನೆಯನ್ನು ಊರಿನವರು ಕೆಡವಿ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಸೋಮವಾರ ಲೆಕ್ಕ ಶುರುವಾದರೆ ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ನಮ್ಮ ಮನೆ ನೆಲಸಮ. ಮರುದಿನ ಬೆಳಿಗ್ಗೆ ನಮ್ಮ ಮುಖ್ಯಸ್ಥೆಯ ಎದುರು ನಿಂತೆ. ನಾವು ಅವರನ್ನು ಕನ್ನಡಕದ ಮೇಡಂ ಎನ್ನುತ್ತೇವೆ, ಕನ್ನಡಕ ತೆಗೆದರೆ ಅಂದು ಯಾರಿಗೋ ಗ್ರಹಚಾರ ಕಾದಿದೆಯೆಂದು ಅರ್ಥ. ವಿಷಯವೆಲ್ಲ ಹೇಳಿದೆ. ಅವರು ಸಂಖ್ಯೆ ಒತ್ತಿ, ಮುಚ್ಚಿಟ್ಟ ಹೆಸರು ತೆರೆದು ನೋಡಿದರು. ಕನ್ನಡಕ ತೆಗೆದರು.

"ಈ ಖಾತೆ ನಿಮ್ಮ ಹೆಂಡತಿದಲ್ಲ. ನಿಮ್ಮದೇ."

"ಅಂದ್ರೆ?"

"ಅಂದ್ರೆ ನಿಮ್ಮನ್ನ ನೀವೇ ಮನುಷ್ಯ ಅಲ್ಲ ಅಂತ ತೀರ್ಪು ಕೊಟ್ಕೊಂಡಿದ್ದೀರಿ."

ಆಗ ಹೊಳೆಯಿತು. ಮನೆ ನನ್ನ ಹೆಸರಿನಲ್ಲಿತ್ತು, ಒಡೆಯನ ಖಾತೆಯಿಂದ ಮಾತ್ರ ನೀರು ಹಾಕಬಹುದಿತ್ತು. ಅದಕ್ಕೇ ಈ ಊರಿಗೆ ಬಂದು ಆಟ ಬಿಟ್ಟಾಗ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಿದ್ದೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಎಂದು ಜಗತ್ತಿಗೆಲ್ಲ ಸಾರುವ ನಾನು!

"ಈಗ ಒಂದೇ ದಾರಿ" ಎಂದರು ಮೇಡಂ. "ಖಾತೆ ನಿಜವಾಗಿ ಯಾರದ್ದು ಅಂತ ಸಾಬೀತಾಗಬೇಕು. ಆ ಮನೆಯಲ್ಲಿ ಬಾಳಿದವರಿಗೆ ಮಾತ್ರ ಉತ್ತರ ಗೊತ್ತಿರೋ ಮೂರು ಪ್ರಶ್ನೆ ಕೇಳ್ತೀನಿ. ಪ್ರಶ್ನೆಗಳನ್ನ ನಿಮ್ಮ ಹೆಂಡತಿ ಕೊಡಲಿ, ಉತ್ತರ ನೀವು ಕೊಡಿ. ನಾನೇ ಫೋನ್ ಮಾಡ್ತೀನಿ."

ಮಾಡಿದರು. ನನ್ನವಳು ಒಂದು ಮಾತೂ ಆಡದೆ ಇಟ್ಟಳು. ಬುಧವಾರ ಮಾಡಿದರು, ಇಟ್ಟಳು. ಗುರುವಾರ ಅತ್ತೆಯವರು ಎತ್ತಿಕೊಂಡು ಮೇಡಂಗೆ ಮಾನ ಮರ್ಯಾದೆಯ ಬಗ್ಗೆ ಎರಡು ಮಾತು ಹೇಳಿ ಇಟ್ಟರು. ಶುಕ್ರವಾರಕ್ಕೆ ನನಗೆ ಗತ್ಯಂತರ ಉಳಿಯಲಿಲ್ಲ. ಬಟ್ಟೆ ಮಡಿಚುತ್ತಿದ್ದವಳ ಮುಂದೆ ನಿಂತು ಹೇಳಿಬಿಟ್ಟೆ:

"ನೋಡು, ಆ ಅಯೋಗ್ಯ ನಾನೇ."

"ಗೊತ್ತು" ಎಂದಳು, ತಲೆ ಎತ್ತದೆ.

"ಹೇಗೆ ಗೊತ್ತು?"

"ಪ್ರಶ್ನೆ ಕೇಳಿ ಉತ್ತರ ಬರೋ ಮೊದಲೇ ಎದ್ದು ಹೋಗೋರು ನನಗೆ ಗೊತ್ತಿರೋ ಹಾಗೆ ಪ್ರಪಂಚದಲ್ಲಿ ಒಬ್ಬರೇ ಇರೋದು."

ನನಗೆ ನಾಚಿಕೆಯಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಫೋನ್ ಮಾಡುತ್ತಿದ್ದದ್ದು ನಮ್ಮ ಮೇಡಂ ಎಂದೂ, ಮೂರು ಪ್ರಶ್ನೆಯ ವಿಷಯವನ್ನೂ ಹೇಳಿದೆ. ಅವಳು ಮಡಿಚಿದ ಬಟ್ಟೆಯನ್ನು ಬೀರುವಿನಲ್ಲಿಟ್ಟು, "ಮೇಡಂ ಮನೆಗೇ ಬರಲಿ, ಮುಖ ನೋಡದೆ ನಾನು ಯಾರಿಗೂ ಏನೂ ಹೇಳಲ್ಲ. ನೀವೇ ಕಲಿಸಿದ್ದು" ಎಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ಕತ್ತಿನಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಬಂದರು. ಅತ್ತೆಯವರು ಸರಪಳಿ ತೆಗೆಯದೆ ಬಾಗಿಲ ಸಂದಿನಿಂದ "ಚೀಟಿ ಯಾರು ಬೇಕಾದ್ರೂ ಮಾಡಿಸ್ಕೊಬಹುದು" ಎಂದರು. ನಾನು ಹೋಗಿ ಇವರೇ ನಮ್ಮ ಮೇಡಂ ಎಂದು ಹೇಳಿದರೂ ನಂಬಿಕೆ ಬರದೆ, ತಮ್ಮ ಮಗಳೇ ಬಂದು ಹೇಳಿದ ಮೇಲೆಯೇ ಒಳಗೆ ಬಿಟ್ಟರು. ಮೇಡಂ ಮತ್ತು ನನ್ನವಳು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಗುಸುಗುಸು ಮಾತಾಡಿದರು. ನಡುವೆ ನಗುವೂ ಕೇಳಿಸಿತು. ನಗುವಂಥದ್ದು ಏನಿತ್ತೋ, ನಾನು ಬಾಗಿಲ ಹೊರಗೆ ಶತಪಥ ಹಾಕಿದೆ. ಆಮೇಲೆ ನನ್ನನ್ನು ಮೇಜಿನ ಮುಂದೆ ಕೂರಿಸಿದರು. ಒಂದು ಉತ್ತರ ಸರಿಯಾದರೂ ಖಾತೆ ನನ್ನದಾಗಿಯೇ ಉಳಿಯುತ್ತದೆಂದು ಮೇಡಂ ವಿವರಿಸಿದರು.

"ಮೊದಲನೇದು. ಮನೆ ಹಿಂದೆ ಎಷ್ಟು ಗಿಡ ಇವೆ?"

ಹನ್ನೆರಡು ಕೊಡ ನೀರು, ಗಿಡಕ್ಕೊಂದು ಕೊಡ. ನಿಗ್ರಹ ವಿಭಾಗದ ಮೆದುಳು ಇದಕ್ಕೇ ತಾನೆ ಇರುವುದು! "ಹನ್ನೆರಡು" ಎಂದೆ.

"ಹನ್ನೊಂದು" ಎಂದಳು ನನ್ನವಳು. "ಒಂದು ಕೊಡ ಅಂಗಳಕ್ಕೆ."

"ಎರಡನೇದು. ಕಿಟಕಿ ಯಾವ ಕಡೆಗಿದೆ?"

ಎಂಟು ದಿನದ ಜಗಳ ನೆನಪಿತ್ತು, ಗೆದ್ದವರು ಯಾರೆಂದು ನೆನಪಿರಲಿಲ್ಲ. ನಮ್ಮ ಮನೆಯ ಎಲ್ಲ ಜಗಳದಲ್ಲೂ ಗೆಲ್ಲುವುದು ಅವಳೇ. ಅವಳು ಕೇಳಿದ್ದು ಕೆರೆಯ ಕಡೆ. "ಕೆರೆ ಕಡೆಗೆ" ಎಂದೆ.

"ದಾರಿ ಕಡೆಗೆ. ಆಗ ಇನ್ನೂ ಹೊಸತಲ್ವಾ, ನೀವು ಹೇಳಿದ್ದಕ್ಕೆ ಒಪ್ಪಿದ್ದೆ."

ಮೇಡಂ ಗಡಿಯಾರ ನೋಡಿದರು. ಹನ್ನೊಂದು ಗಂಟೆಗೆ ಹದಿನೈದು ನಿಮಿಷವಿತ್ತು.

"ಮೂರನೇದು. ಕೊನೇ ದಿನ ಆ ಮನೆಯಿಂದ ಹೊರಡುವಾಗ ಯಜಮಾನರು ಹೇಳಿದ ಮಾತೇನು?"

ನಾನು ಕಣ್ಣು ಮುಚ್ಚಿದೆ. ಇಂಟರ್‌ನೆಟ್ ಅಂಗಡಿ ನೆನಪಾಯಿತು, ಹಿಂದೆ ನಿಂತವನು ಕುರ್ಚಿ ಅಲುಗಾಡಿಸಿದ್ದು ನೆನಪಾಯಿತು, ಮಾತು ನೆನಪಾಗಲಿಲ್ಲ. "ಬಾಗಿಲು ಹಾಕ್ಕೋ ಅಂದಿದ್ನಾ?" ಎಂದೆ.

ನನ್ನವಳು ಕಿಟಕಿಯ ಕಡೆ ನೋಡುತ್ತಾ ನಿಧಾನವಾಗಿ ಹೇಳಿದಳು: "ನಾಳೆ ಬರ್ತೀನಿ ಅಂದಿದ್ರಿ."

"ಬಂದಿದ್ನಲ್ಲೇ! ಮರುದಿನಾನೇ ಗಂಟು ಮೂಟೆ ಕಟ್ಕೊಂಡು ಈ ಊರಿಗೆ ಬಂದು ಇಳಿದೆ!"

"ಈ ಮನೆಗೆ ಬಂದ್ರಿ. ಆ ಮನೆಗೆ?"

ಮೇಡಂ ಕನ್ನಡಕ ತೆಗೆದು ಒರೆಸಿದರು. ಮೊದಲ ಬಾರಿಗೆ ಅದಕ್ಕೆ ಬೇರೆ ಕಾರಣವಿತ್ತೆಂದು ಕಾಣುತ್ತದೆ. ನಾನು ಆ ಖಾತೆಯ ನಕಲಿ ಒಡೆಯನೆಂದೂ, ಹದಿನಾರು ವರ್ಷ ನೀರು ಹಾಕಿದವಳೇ ಅಸಲಿ ಒಡತಿಯೆಂದೂ ಅಲ್ಲೇ ತೀರ್ಪು ಬರೆದು, ಬಂದ್ ಆಗಿದ್ದ ಖಾತೆಯನ್ನು ತೆರೆದರು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟ ಅಪರಾಧಕ್ಕೆ ನನಗೆ ಲಿಖಿತ ಎಚ್ಚರಿಕೆ. ಅತ್ತೆಯವರು ಅವರಿಗೆ ಎರಡು ಸಲ ಚಹಾ ಕೊಟ್ಟರು. ನನಗೆ ಒಂದು ಸಲವೂ ಇಲ್ಲ.

ಹನ್ನೊಂದಕ್ಕೆ ಸರಿಯಾಗಿ ನನ್ನವಳು ಕಂಪ್ಯೂಟರಿನ ಮುಂದೆ ಕೂತಳು. ನಾನು ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದು, ಹೊಸ ಆಟಗಾರನಾಗಿ ಹೆಸರು ಬರೆಸಿ, ದಾರಿ ಕೇಳಿಕೊಂಡು ಕೆರೆ ದಂಡೆಗೆ ಹೋದೆ. ಮನೆ ನಾನು ನೆನೆದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಗಿಡಗಳು ಸೂರಿಗಿಂತ ಎತ್ತರ ಬೆಳೆದಿದ್ದವು. ದಾರಿಯ ಕಡೆಗಿದ್ದ ಕಿಟಕಿಯಲ್ಲಿ ಎರಡು ಕುರ್ಚಿ ಕಾಣುತ್ತಿದ್ದವು, ಒಂದೂ ಕದಲಿರಲಿಲ್ಲ. ದಾರಿಯಲ್ಲಿ ಬರುವವರು ದೂರದಿಂದಲೇ ಕಾಣಲಿ ಎಂದು ಕಿಟಕಿಯನ್ನು ಆ ಕಡೆ ಇಡಿಸಿದವನು ನಾನು. ಅದು ಆ ಕ್ಷಣದಲ್ಲಿ ನೆನಪಾಯಿತು. ಅಂಗಳದಲ್ಲಿ ನಿಂತು ಬರೆದೆ: "ಒಳಗೆ ಬರಲಾ?"

ಅವಳು ಕೊನೆಯ ಕೊಡ ಅಂಗಳಕ್ಕೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ನಿಮಿಷ ಏನೂ ಬರಲಿಲ್ಲ. ಈ ಸಲ ನಾನು ಎದ್ದು ಹೋಗಲಿಲ್ಲ, ಕಾದೆ. ಆಮೇಲೆ ನನ್ನ ಪರದೆಯ ಮೇಲೆ ಅವಳ ಉತ್ತರ ಮೂಡಿತು:

"ನಾಳೆ ಬನ್ನಿ."