ಕ್ಯಾರಿ ಔಟ್ ಹುದ್ದೆ ಖಾಲಿ ಇದೆ

ಈ ಕೆಳಗೆ ಬರೆದಿರುವ ಒಂದೊಂದು ಅಕ್ಷರವೂ ಸತ್ಯ ಎಂದು ಅಜ್ಜಂಪುರ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಎಡಗೈಲಿ ಕಾಫಿ ಲೋಟ ಹಿಡಿದು, ಬಲಗೈ ಎತ್ತಿ ಪ್ರಮಾಣ ಮಾಡುತ್ತೇನೆ. ಕಾಫಿ ಆರುವುದರೊಳಗೆ ಯಾರಾದರೂ ಇದು ಸುಳ್ಳು ಅಂತ ಸಾಬೀತು ಮಾಡಿದರೆ ಉಳಿದ ಕಾಫಿ ಅವರಿಗೆ.

ಅಜ್ಜಂಪುರ ತಾಲ್ಲೂಕು ಆದ ಮೇಲೆ ಊರಿಗೆ ಬಂದ ಕಚೇರಿಗಳಲ್ಲಿ ನಾಗರಿಕ ಕುಂದುಕೊರತೆ ನಿವಾರಣಾ ಉಪಕಚೇರಿಯೂ ಒಂದು. ಹೋದ ವರ್ಷ ಅದಕ್ಕೆ ಮೇಲಿನಿಂದ ಒಂದು ಸುತ್ತೋಲೆ ಬಂತು: "ಸಿಬ್ಬಂದಿಯವರ ಇಂಗ್ಲಿಷು ಸರಳವಾಗಿದ್ದು, ಸಾರ್ವಜನಿಕರಿಗೆ ವಿಷಯ ನೇರವಾಗಿ ಅರ್ಥವಾಗಿಬಿಡುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ಎಲ್ಲರೂ ಕಡ್ಡಾಯವಾಗಿ ಇಂಗ್ಲಿಷ್ ನುಡಿಗಟ್ಟುಗಳಲ್ಲಿಯೇ ವ್ಯವಹರಿಸತಕ್ಕದ್ದು."

ತರಬೇತಿ ಕೊಡಲು ಕಡೂರಿನಿಂದ ತರೀಕೆರೆವರೆಗೆ ಹುಡುಕಿದರೂ ನನ್ನನ್ನು ಬಿಟ್ಟು ಇನ್ನೊಬ್ಬರು ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಹಿಂದೊಮ್ಮೆ ಬೀರೂರು ಜಂಕ್ಷನ್ನಿನಲ್ಲಿ ಒಬ್ಬ ಪರದೇಶದವನಿಗೆ ನಾನು ಇಂಗ್ಲಿಷಿನಲ್ಲಿ ದಾರಿ ಹೇಳಿದ್ದೆ. ಆತ ಕೇಳಿಸಿಕೊಂಡು, ಕೈಮುಗಿದು, ಬಂದ ರೈಲಿಗೇ ಹತ್ತಿ ವಾಪಸ್ ಹೋದ. ಈ ದೇಶದಲ್ಲಿ ಇದಕ್ಕಿಂತ ಹೆಚ್ಚಿನದು ನೋಡೋಕೆ ಏನೂ ಉಳಿದಿಲ್ಲ ಅನ್ನಿಸಿರಬೇಕು ಪಾಪ.

ನನ್ನ ಹತ್ತಿರ ಇದ್ದದ್ದು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದು ಪುಸ್ತಕ. ಇಲಿ ತಿಂದು ಮಿಕ್ಕಿದ್ದು ಇಪ್ಪತ್ತೆರಡೂವರೆ ನುಡಿಗಟ್ಟು. ಸಿಬ್ಬಂದಿ ಇಪ್ಪತ್ತಮೂರು ಜನ. ಉಪಕಚೇರಿಯ ಮುಖ್ಯಸ್ಥರಾದ ಯೋಗಾನಂದ ಸಾಹೇಬರು ಲೆಕ್ಕ ಹಾಕಿ, "ತಲೆಗೊಂದು ಹಂಚಿಬಿಡಿ ಮೇಷ್ಟ್ರೇ, ಗಲಾಟೆ ಬೇಡ" ಅಂದರು.

ಹುದ್ದೆ ದೊಡ್ಡದಾದಷ್ಟೂ ನುಡಿಗಟ್ಟು ಉದ್ದ ಇರಬೇಕೆಂದು ತೀರ್ಮಾನವಾಯಿತು. ಸಾಹೇಬರು 'ವನ್ಸ್ ಇನ್ ಎ ಬ್ಲೂ ಮೂನ್' ತೆಗೆದುಕೊಂಡರು. ಅಪರೂಪಕ್ಕೊಮ್ಮೆ ಎಂದು ಅದರ ಅರ್ಥ. ಅವರ ಹಾಜರಿ ಪುಸ್ತಕ ನೋಡಿದವರು ಸರಿಯಾದವರಿಗೇ ಸೇರಿದೆ ಅಂದರು. ಕೌಂಟರಿನ ಸುಮನಾ ಅವರಿಗೆ 'ಲುಕ್ ಇಂಟು', ಅಂದರೆ ಪರಿಶೀಲಿಸುವುದು. ಕಡತ ವಿಭಾಗದ ರುದ್ರಮೂರ್ತಿಗೆ 'ಪುಟ್ ಆಫ್', ಅಂದರೆ ಮುಂದಕ್ಕೆ ಹಾಕುವುದು. ಆತನಿಗೆ ತರಬೇತಿಯೇ ಬೇಕಾಗಲಿಲ್ಲ. ದಲಾಯತ್ ಕೆಂಪರಾಜುಗೆ ಇಲಿ ಬಿಟ್ಟ ಅರ್ಧ, ಬರೀ 'ಅಪ್' ಬಂತು. ಅದರ ಮುಂದಿನ ಕ್ರಿಯಾಪದವನ್ನು ಬರುವ ಸಾಲಿನಲ್ಲಿ ಮಂಜೂರು ಮಾಡುವುದಾಗಿ ಲಿಖಿತ ಭರವಸೆ ಕೊಟ್ಟರು.

ಕೊನೆಗೆ 'ಕ್ಯಾರಿ ಔಟ್' ಉಳಿಯಿತು. ಹಿಡಿದ ಕೆಲಸ ಮಾಡಿ ಮುಗಿಸುವುದು ಎಂದರ್ಥ. ಅರ್ಥ ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಫ್ಯಾನ್ ನೋಡಿದರು. ಇನ್ನು ಹದಿನೈದು ದಿನಕ್ಕೆ ನಿವೃತ್ತರಾಗಲಿದ್ದ ಬಸವರಾಜಪ್ಪನವರು ಆವತ್ತು ರಜೆ ಇದ್ದದ್ದರಿಂದ ಅವರ ಹೆಸರಿಗೆ ಬರೆದರು.

ನಿಯಮಗಳನ್ನು ಕರಡು ಮಾಡಿದವನು ನಾನೇ. ಅದರಲ್ಲಿ ನಾಲ್ಕನೆಯದು ಇವತ್ತಿಗೂ ಜಿಲ್ಲೆಯಲ್ಲಿ ಮಾದರಿ: "ಒಬ್ಬರಿಗೆ ಹಂಚಿಕೆಯಾದ ನುಡಿಗಟ್ಟನ್ನು ಮತ್ತೊಬ್ಬರು ಬಾಯಿಯಿಂದಾಗಲೀ ಕೈಯಿಂದಾಗಲೀ ಬಳಸತಕ್ಕದ್ದಲ್ಲ."

ಇಲ್ಲಿಗೆ ಹನುಮಂತಮ್ಮ ಬಂದರು.

ಹನುಮಂತಮ್ಮನದು ಕಚೇರಿಯ ಎದುರಿಗೇ ಇಡ್ಲಿ ಹೋಟೆಲ್. ಹೋಟೆಲಿಗೂ ರಸ್ತೆಗೂ ನಡುವೆ ಚರಂಡಿ, ಅದರ ಮೇಲಿನ ಚಪ್ಪಡಿ ಮುರಿದು ಮೂರು ತಿಂಗಳು. ಇಡ್ಲಿಗೆ ಅಂತ ಬಂದವರು ಚರಂಡಿಗೆ ಇಳಿಯುತ್ತಿದ್ದರು. ಪಂಚನಹಳ್ಳಿಯಿಂದ ಬಂದ ಬೀಗರೊಬ್ಬರು ಸಾಂಬಾರಿನ ತಟ್ಟೆ ಸಮೇತ ಇಳಿದ ಮೇಲೆ ಗಿರಾಕಿಗಳು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ತಿರುಗಿಕೊಂಡರು. ಇನ್ನೊಂದು ತಿಂಗಳು ಹೀಗೇ ಆದರೆ ಒಲೆ ಆರಿಸಿ ಬಾಗಿಲು ಹಾಕೋದೇ.

"ಏನವ್ವಾ ಸುಮನಾ, ನನ್ ಚಪ್ಪಡಿ ಏನಾಯ್ತು?"

"ಲುಕ್ ಇಂಟು, ಅಮ್ಮ."

"ಹಂಗಂದ್ರೆ?"

"ನೋಡ್ತೀವಿ ಅಂತ."

"ನೋಡೋಕೇನೈತೆ? ಕಿಟಕೀಲಿ ಕತ್ ಹಾಕಿದ್ರೆ ಕಾಣ್ತೈತಲ್ಲ. ಹಾಕೋದು ಯಾವಾಗ?"

"ಯಾವಾಗ ಅನ್ನೋದು ನನಗೆ ಬರಲ್ಲಮ್ಮ, ಅದು ರುದ್ರಮೂರ್ತಿಯವ್ರದ್ದು."

ರುದ್ರಮೂರ್ತಿ ತಲೆ ಎತ್ತದೆ "ಪುಟ್ ಆಫ್" ಅಂದ. ಬಾಗಿಲಲ್ಲಿ ನಿಂತಿದ್ದ ಕೆಂಪರಾಜು, ತನ್ನ ಪಾಲಿನ ಸೇವೆ ತಪ್ಪಬಾರದೆಂದು, "ಅಪ್" ಅಂದ.

"ಮೇಷ್ಟ್ರೇ, ಇವರಿಗೆ ಏನ್ ಕಲಿಸಿಬಿಟ್ರಿ? ಮೊದ್ಲು ಆಗಲ್ಲ ಅಂತ ಒಂದೇ ಮಾತಲ್ಲಿ ಹೇಳ್ತಿದ್ರು."

ಪ್ರಗತಿ ಅಂದರೆ ಇದೇ ಕಣಮ್ಮ ಅಂತ ನಾನು ಸಮಾಧಾನ ಹೇಳಿದೆ. ಆದರೂ ನನ್ನ ತರಬೇತಿಗೆ ಕೆಟ್ಟ ಹೆಸರು ಬರಬಾರದಲ್ಲ, ಸಾಹೇಬರನ್ನು ಕಂಡೆ. ಕಡತ ತೆಗೆಸಿದರೆ ವಿಷಯ ಸ್ಪಷ್ಟವಾಗಿತ್ತು. ಚಪ್ಪಡಿ ಮಂಜೂರಾಗಿದೆ, ಆದೇಶವೂ ಆಗಿದೆ. ಅದನ್ನು ಕ್ಯಾರಿ ಔಟ್ ಮಾಡಬೇಕಾದ ಬಸವರಾಜಪ್ಪನವರು ನಿವೃತ್ತರಾಗಿ, ಬೀಗದ ಕೈ, ರಬ್ಬರ್ ಸ್ಟ್ಯಾಂಪು, ಸ್ಟೇಪ್ಲರು ಎಲ್ಲ ಒಪ್ಪಿಸಿ, ನುಡಿಗಟ್ಟೊಂದನ್ನು ಮಾತ್ರ ಒಪ್ಪಿಸದೆ ತಮ್ಮೂರು ಬುಕ್ಕಾಂಬುಧಿಗೆ ಹೊರಟುಹೋಗಿದ್ದರು.

ಮಾರನೇ ದಿನ ಜೀಪಿನಲ್ಲಿ ನಾನೂ ಕೆಂಪರಾಜುವೂ ಹೋದೆವು. ಬಸವರಾಜಪ್ಪನವರು ಕೆರೆ ಏರಿ ಮೇಲೆ ಗಾಳಿ ಸೇವನೆ ಮಾಡುತ್ತಿದ್ದವರು ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ನುಡಿಗಟ್ಟಿನ ಹಂಚಿಕೆ ಪತ್ರಕ್ಕೆ ಕಟ್ಟು ಹಾಕಿಸಿ ಟೀವಿ ಮೇಲೆ ತೂಗುಹಾಕಿದ್ದರು.

"ಒಂದ್ ದಿನಾನೂ ಬಳಸಿಲ್ಲ ಮೇಷ್ಟ್ರೇ. ತಂದಾಗ ಹೆಂಗಿತ್ತೋ ಹಂಗೇ ಐತೆ."

"ಒಪ್ಪಿಸಿಬಿಡಿ, ಕೆಲಸ ನಿಂತಿದೆ."

"ಕೊಡ್ತೀನಿ, ನನಗ್ಯಾಕೆ? ಆದ್ರೆ ಪ್ರಭಾರ ಕೊಡೋದು ನನ್ನ ಜಾಗಕ್ಕೆ ಬಂದೋರಿಗೆ. ಯಾರು ಬಂದವ್ರೆ?"

"ಯಾರೂ ಬಂದಿಲ್ಲ. ಭರ್ತಿ ಮಾಡೋ ಆದೇಶ ಕ್ಯಾರಿ ಔಟ್ ಆಗಬೇಕು."

"ಅದನ್ನ ಮಾಡಬೇಕಾದೋರು ಯಾರು?"

"ನೀವೇ."

"ನಾನು ರಿಟೈರ್ಡು" ಅಂದು ಮಜ್ಜಿಗೆ ಕೊಟ್ಟರು. ಅವರ ಮಾತಿನಲ್ಲಿ ಒಂದು ತಪ್ಪು ಹುಡುಕೋಕೆ ನನ್ನಂಥವನಿಗೂ ಆಗಲಿಲ್ಲ. ಮಜ್ಜಿಗೆ ಕುಡಿದು ಬಂದೆವು. ಕಚೇರಿ ಬಾಗಿಲಿಗೆ ಪ್ರಕಟಣೆ ಅಂಟಿಸಿದರು: "ಕ್ಯಾರಿ ಔಟ್ ಹುದ್ದೆ ಖಾಲಿ ಇದೆ. ಅರ್ಜಿದಾರರು ಈ ಹಿಂದೆ ಕನಿಷ್ಠ ಒಂದು ಕೆಲಸ ಮಾಡಿ ಮುಗಿಸಿರತಕ್ಕದ್ದು." ಒಳಗಿನವರಲ್ಲಿ ಅರ್ಹತೆ ಇದ್ದವರು ಒಬ್ಬರೂ ಸಿಗಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಹನುಮಂತಮ್ಮ ಹಿತ್ತಲಲ್ಲಿ ತಾನು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ತೋರಿಸಿ, "ಬಿಸಿ ಇಡ್ಲಿ ಬೇಕಾದೋರು ಒಂದ್ ಕೈ ಹಾಕ್ರಪ್ಪಾ" ಅಂದರು. ಆರು ಜನ ಕೈ ಹಾಕಿದರು. ಇಪ್ಪತ್ತು ನಿಮಿಷಕ್ಕೆ ಕಲ್ಲು ಚರಂಡಿ ಮೇಲೆ ಕೂತಿತ್ತು, ಆರು ಜನ ಒಳಗೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಳೇ ಗಿರಾಕಿಗಳು ಒಬ್ಬೊಬ್ಬರೇ ದಾಟಿಕೊಂಡು ಬಂದರು.

ಸಂಜೆ ನೋಟಿಸೂ ದಾಟಿಕೊಂಡು ಬಂತು. "ಸದರಿ ಹನುಮಂತಮ್ಮ ಎಂಬುವವರು ಯಾವುದೇ ಹಂಚಿಕೆ ಪತ್ರವಿಲ್ಲದೆ, ಹಾಡುಹಗಲಲ್ಲಿ, ಸಾರ್ವಜನಿಕರ ಸಮಕ್ಷಮ ಕ್ಯಾರಿ ಔಟ್ ಮಾಡಿರುವುದು ನಿಯಮ ನಾಲ್ಕರ ಉಲ್ಲಂಘನೆ. ಏಳು ದಿನದೊಳಗೆ ಚಪ್ಪಡಿಯನ್ನು ಮೊದಲಿನಂತೆ ಮುರಿದ ಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಹೋಟೆಲನ್ನು ಮುಚ್ಚಿಸಲಾಗುವುದು."

ಏಳನೇ ದಿನ ಯೋಗಾನಂದ ಸಾಹೇಬರು ಸ್ವತಃ ಕುರ್ಚಿಯಿಂದ ಎದ್ದು, ಅರವತ್ತು ಹೆಜ್ಜೆ ನಡೆದು, ಸ್ಥಳಕ್ಕೆ ಬಂದರು. ಚಪ್ಪಡಿ ಮೇಲೆ ನಿಂತರು. ಒಂದು ಸಲ ಮೆಲ್ಲಗೆ ಕುಣಿದು ನೋಡಿದರು. ಅಲುಗಾಡಲಿಲ್ಲ.

"ಕಲ್ಲು ಗಟ್ಟಿ ಇದೆಯಲ್ಲಮ್ಮ. ಇದು ಇನ್ನೂ ಗಂಭೀರ ಅಪರಾಧ."

"ಒಡೆಸ್ರಿ ಸ್ವಾಮಿ" ಅಂದರು ಹನುಮಂತಮ್ಮ, ಇಡ್ಲಿ ತಟ್ಟೆ ತೆಗೆಯುತ್ತಾ. "ನಾನಂತೂ ಒಡೆಯಲ್ಲ. ನಾನ್ ಒಡೆದ್ರೆ ಅದೂ ಒಂದ್ ಕೆಲ್ಸ ಮಾಡಿ ಮುಗಿಸ್ದಂಗೆ ಆಗಲ್ವೆ? ಇನ್ನೊಂದ್ ನೋಟಿಸ್ ಕೊಡ್ತೀರಿ. ನಿಮ್ಮೋರೇ ಒಡೀಲಿ. ಯಾರ್ ಒಡೀತೀರಪ್ಪಾ?"

ಸುಮನಾ ಪರಿಶೀಲಿಸಿದರು. ರುದ್ರಮೂರ್ತಿ ನಾಳೆ ನೋಡೋಣ ಅನ್ನುವ ಮುಖ ಮಾಡಿದ. ಕೆಂಪರಾಜು "ಅಪ್" ಅಂದ. ಸಾಹೇಬರು ನನ್ನ ಕಡೆ ತಿರುಗಿದರು. ಇಂಥ ಹೊತ್ತಿಗೇ ಅಲ್ಲವೇ ನನ್ನಂಥ ತಲೆ ಇರುವುದು.

"ಸಾರ್, ಕೆಡವೋಕೆ ಆಗದ್ದನ್ನ ಸಕ್ರಮ ಮಾಡೋದು ನಮ್ಮಲ್ಲಿ ಮೊದಲಿಂದ ನಡೆದುಬಂದಿದೆ. ಈಯಮ್ಮ ಒಂದು ಕೆಲಸ ಮಾಡಿ ಮುಗಿಸಿದಾರೆ, ಸಾಕ್ಷಿ ಮೇಲೆ ನೀವೇ ನಿಂತಿದೀರಿ. ಪ್ರಕಟಣೆಯ ಅರ್ಹತೆ ಇರೋದು ತಾಲ್ಲೂಕಿಗೆ ಇವರೊಬ್ಬರಿಗೇ."

ಹಾಗೆ ಆದೇಶವಾಯಿತು. ಬಸವರಾಜಪ್ಪನವರು ಬುಕ್ಕಾಂಬುಧಿಯಿಂದ ಬಂದು, ಕಟ್ಟು ಹಾಕಿದ ಪತ್ರವನ್ನು ಗಾಜು ಒರೆಸಿ ಹನುಮಂತಮ್ಮನಿಗೆ ಒಪ್ಪಿಸಿ, ನಾಲ್ಕು ಪ್ರತಿಗಳಲ್ಲಿ ಸಹಿ ಪಡೆದು, ನಾಲ್ಕು ಇಡ್ಲಿ ತಿಂದು ಹೋದರು. ಪತ್ರ ಈಗ ರುಬ್ಬೋ ಮಿಷಿನ್ನಿನ ಮೇಲಿದೆ.

ಅಂದಿನಿಂದ ಉಪಕಚೇರಿಯಲ್ಲಿ ತೊಂದರೆಯೇ ಇಲ್ಲ. ನಲ್ಲಿ ಕೆಟ್ಟರೆ, ಬೀದಿದೀಪ ಉರಿಯದಿದ್ದರೆ ಸುಮನಾ ಪರಿಶೀಲಿಸುತ್ತಾರೆ, ರುದ್ರಮೂರ್ತಿ ಮುಂದೂಡುತ್ತಾನೆ, ಕೆಂಪರಾಜು ಕಡತ ಹಿಡಿದು ರಸ್ತೆ ದಾಟುತ್ತಾನೆ. ಅರ್ಜಿದಾರರು ಇಡ್ಲಿ ತಿಂದು, ಪಕ್ಕದವರನ್ನು ಕರೆದುಕೊಂಡು ಹೋಗಿ ತಾವೇ ರಿಪೇರಿ ಮಾಡಿಕೊಳ್ಳುತ್ತಾರೆ. ವಿಲೇವಾರಿ ನೂರಕ್ಕೆ ನೂರು. ಸಾಹೇಬರಿಗೆ ಪ್ರಶಸ್ತಿ, ನನಗೆ ಶಾಲು.

ಮೊನ್ನೆ ಹನುಮಂತಮ್ಮನೇ ಒಂದು ಅರ್ಜಿ ಕೊಟ್ಟರು: ಚರಂಡಿಗೆ ಹಾಕಿದ ತನ್ನ ಒಗೆಯೋ ಕಲ್ಲಿನ ಬದಲಿಗೆ ಬೇರೆ ಕಲ್ಲು ಕೊಡಿಸಬೇಕು. ಅದನ್ನು ಪರಿಶೀಲಿಸಲಾಯಿತು, ಮುಂದೂಡಲಾಯಿತು, ಕೊನೆಗೆ ಕ್ಯಾರಿ ಔಟ್ ಮಾಡಲು ಹನುಮಂತಮ್ಮನವರಿಗೇ ಕಳಿಸಲಾಯಿತು. ಅವರು ಕೈ ಒರೆಸಿಕೊಂಡು, "ಬಂದು ತಲುಪಿದೆ" ಅಂತ ಸಹಿ ಹಾಕಿ, ಮುಂದಿನ ತಟ್ಟೆಗೆ ಚಟ್ನಿ ಬಡಿಸಿದರು.

ಕಾಫಿ ಆರಿಹೋಯಿತು, ಯಾರೂ ಏನೂ ಸಾಬೀತು ಮಾಡಲಿಲ್ಲ. ಆದರೂ ಪ್ರಮಾಣ ಮಾಡಿದವನು, ಮನಸ್ಸು ತಡೆಯಲಿಲ್ಲ, ಹೇಳಿಬಿಡುತ್ತೇನೆ. ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿದ್ದು. ಸಾಹೇಬರು ಕುರ್ಚಿಯಿಂದ ಎದ್ದು ಸ್ಥಳಕ್ಕೆ ಬಂದರು ಅಂತ ಬರೆದೆನಲ್ಲ, ಅದು. ಅವರು ಬಂದಿರಲಿಲ್ಲ. ಕುಣಿದು ನೋಡಿದವನು ಕೆಂಪರಾಜು.