ಮಾಮನ ಬಿಸಿಲೊಲೆಯೂ ನನ್ನ ಲಾರಿಯೂ

ಸೂರ್ಯನನ್ನು ಬಿಟ್ಟಿ ಕೆಲಸಕ್ಕೆ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಅವನನ್ನೇ ಬೈಯುತ್ತಿದ್ದ ಮನುಷ್ಯ ಹೊಸಪೇಟೆಯಲ್ಲಿ ಒಬ್ಬನೇ ಇದ್ದ. ಅವನು ನನ್ನ ಸೋದರಮಾವ. ಸುಳ್ಳೆನ್ನಬೇಡಿ. ಶ್ರಾವಣದ ಒಂದು ಮೋಡದ ದಿನ ಮಾಳಿಗೆಯ ಮೇಲೆ ನಿಂತು, ಮುಗಿಲಿಗೆ ಮುಖ ಮಾಡಿ, "ಇಂಥಾ ಕೆಲಸಗಳ್ಳ ಅಂತ ಗೊತ್ತಿದ್ರ ನಿನ್ನ ಹಚ್ಗೊಂತಿದ್ದಿಲ್ಲ ನೋಡಪ" ಎಂದದ್ದನ್ನು ನಾನೇ ಕೇಳಿದ್ದೇನೆ. ಪಕ್ಕದ ಮನೆಯವರೂ ಕೇಳಿದರು. ನಾನು ಮೆಲ್ಲಗೆ ನೀರಿನ ಟ್ಯಾಂಕಿನ ಹಿಂದೆ ಸರಿದೆ.

ಮಾಮನ ಸಲುವಾಗಿ ನಾಚಿಕೆಪಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಅವ್ವ ತೀರಿಹೋದಾಗ ನನಗೆ ಆರು ವರ್ಷ. ಆಗಿನಿಂದ ಬೆಳೆದದ್ದು ಸಂಡೂರು ರಸ್ತೆಗೆ ಹತ್ತಿಕೊಂಡಿರುವ ಮಾಮನ ಮನೆಯಲ್ಲಿ. ಮಾಮ ಸಾಲಿ ಮಾಸ್ತರ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಅವನಿಗಿದ್ದ ಚಟ ಒಂದೇ, ಒಲೆಗೂ ದೀಪಕ್ಕೂ ಖರ್ಚು ಕಡಿಮೆ ಮಾಡುವುದು. ಇದಕ್ಕಿಂತ ಬೀಡಿ ಸೇದಿದ್ದರೆ ವಾಸಿ ಎಂದು ಅತ್ತಿ ಎಷ್ಟೋ ಸಲ ಅಂದಿದ್ದಾಳೆ.

ಮೊದಲು ಗ್ಯಾಸಿನ ಕಥೆ. ನಮ್ಮ ಏಜೆನ್ಸಿಯ ಸಿಲಿಂಡರ್ ನಲವತ್ತು ದಿನ ಬರುತ್ತದೆ, ಬಸ್‌ಸ್ಟ್ಯಾಂಡಿನ ಕಡೆಯ ಏಜೆನ್ಸಿಯದು ನಲವತ್ತಮೂರು ದಿನ ಬರುತ್ತದೆ ಎಂದು ಯಾರೋ ಪುಣ್ಯಾತ್ಮರು ಮಾಮನ ಕಿವಿಗೆ ಹಾಕಿದರು. ಮಾಮ ಕನೆಕ್ಷನ್ನು ಅಲ್ಲಿಗೆ ವರ್ಗ ಮಾಡಿಸಿದ. ಅಲ್ಲಿಯ ಮೊದಲ ಸಿಲಿಂಡರ್ ಮೂವತ್ತೇಳೇ ದಿನಕ್ಕೆ ಮುಗಿಯಿತು. ನಡುವೆ ದೀಪಾವಳಿ ಬಂದಿತ್ತು, ಹೋಳಿಗೆ ಕರ್ಚಿಕಾಯಿ ಎಲ್ಲ ಆಗಿತ್ತು, ಮುಗಿಯದೆ ಏನು ಮಾಡೀತು? ಮಾಮ ದೀಪಾವಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮತ್ತೆ ಹಳೆ ಏಜೆನ್ಸಿಗೆ ಬಂದ. ಬಂದವನು ಸುಮ್ಮನಿರದೆ, ಪ್ರತಿ ಸಿಲಿಂಡರನ್ನೂ ಅಕ್ಕಿ ಅಂಗಡಿಗೆ ಒಯ್ದು ತೂಗಿಸತೊಡಗಿದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಸಿಲಿಂಡರ್, ಅದು ಬೀಳದಂತೆ ಹಿಡಿದುಕೊಂಡು ಹಿಂದೆ ನಾನು, ಎದುರಿಗೆ ನನ್ನದೇ ಕಾಲೇಜಿನ ಹುಡುಗಿಯರು. ತೂಗಿ ಬಂದ ಮೇಲೆ ಏಜೆನ್ಸಿಯ ಕ್ಲರ್ಕನ ಜೊತೆ ವಾದ.

"ಮಾಸ್ತರ, ನೀವು ಹಿಂಗ ಹೋಗಾದು ಬರಾದು ಮಾಡಿದ್ರ ನಮ್ಮ ರಿಜಿಸ್ಟರ್‌ನಾಗ ಹಾಳಿ ಉಳಿಯಾಂಗಿಲ್ರಿ."

"ಹಾಳಿ ನಾ ಸಾಲ್ಯಾಗಿಂದ ತಂದು ಕೊಡ್ತೀನಿ. ನೀವು ಗ್ಯಾಸ್ ಪೂರಾ ತುಂಬಿ ಕೊಡ್ರಿ."

ಆಮೇಲೆ ಗಣಿಯ ರೊಕ್ಕ ಊರಿಗೆ ಬಂತು. ನಮ್ಮ ಓಣಿಯಲ್ಲೇ ಅದಿರಿನಿಂದ ಕೈತುಂಬ ಗಳಿಸಿದವನೊಬ್ಬ ದೊಡ್ಡ ಜನರೇಟರ್ ತಂದಿಟ್ಟು, ಕರೆಂಟ್ ಹೋದಾಗ ಮನೆಮನೆಗೆ ವೈರ್ ಎಳೆದು ಕೊಡತೊಡಗಿದ. ಬಲ್ಬಿಗೆ ತಿಂಗಳಿಗಿಷ್ಟು, ಟಿವಿಗೆ ಇಷ್ಟು ಎಂದು ದರ. ಮಾಮನಿಗೆ ಇದು ಬಹಳ ಹಿಡಿಸಿತು. ಒಂದೇ ಬಲ್ಬಿಗೆ ಹೇಳಿದ. ವೈರಿನವನು ಆ ಕಡೆ ಹೋಗುತ್ತಲೇ ಬಲ್ಬ್ ಬಿಚ್ಚಿ, ಹೋಲ್ಡರಿಗೆ ಪ್ಲಗ್ ಸಿಕ್ಕಿಸಿದ. ಒಂದು ದಿನ ಮಿಕ್ಸಿ ತಿರುಗಿತು. ಮರುದಿನ ಇಸ್ತ್ರಿಪೆಟ್ಟಿಗೆ ಕಾಯಿತು. ಮೂರನೆಯ ದಿನ ಸಂಜೆ, ಓಣಿಯ ಹೆಂಗಸರೆಲ್ಲ ಧಾರಾವಾಹಿ ನೋಡುತ್ತ ಕುಳಿತಿದ್ದಾಗ, ಮಾಮ ಸ್ನಾನದ ನೀರಿಗೆ ಕಾಯಿಲ್ ಹಾಕಿದ. ಓಣಿಗೆ ಓಣಿಯೇ ಕತ್ತಲಾಯಿತು. ಕತ್ತಲಲ್ಲಿ ಎಲ್ಲರೂ ಯಾರ ಮನೆಗೆ ಬಂದರು ಎಂದು ಬೇರೆ ಹೇಳಬೇಕೆ? ಜನರೇಟರಿನವನು ಕೈಮುಗಿದು ನಿಂತ. "ಮಾಸ್ತರ, ಈ ತಿಂಗಳ ರೊಕ್ಕ ವಾಪಸ್ ಕೊಡ್ತೀನ್ರಿ. ಸರ್ಕಾರದ ಕರೆಂಟೇ ಇರ್ಲಿ ನಿಮಗ."

ಹೀಗೆ ಗ್ಯಾಸಿನವರು ಬೇಸತ್ತು, ಜನರೇಟರಿನವನು ಕೈಮುಗಿದ ಮೇಲೆ ಉಳಿದವನು ಸೂರ್ಯನೊಬ್ಬನೇ. ಮಾಮ ರಿಟೈರ್ ಆದ ವರ್ಷ ಬಿಸಿಲೊಲೆ ತಂದ. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ ಇರುವ ಒಂದು ಪೆಟ್ಟಿಗೆ. ಅಕ್ಕಿ ನೀರು ಹಾಕಿ ಮಾಳಿಗೆಯ ಮೇಲಿಟ್ಟರೆ ಮಧ್ಯಾಹ್ನಕ್ಕೆ ಅನ್ನ. ನಮ್ಮೂರಿನ ಬಿಸಿಲು ಯಾರಿಗೆ ಗೊತ್ತಿಲ್ಲ? ಅನ್ನ ನಿಜವಾಗಿಯೂ ಮಲ್ಲಿಗೆ ಮೊಗ್ಗಿನ ಹಾಗೆ ಆಯಿತು. "ಬಿಲ್ಲಿಲ್ಲ, ಮೀಟರಿಲ್ಲ, ತೂಕದಾಗ ಮೋಸ ಇಲ್ಲ" ಎಂದು ಮಾಮ ಗ್ಯಾಸಿನ ಕನೆಕ್ಷನ್ನನ್ನೇ ವಾಪಸು ಕೊಟ್ಟುಬಂದ. ರಾತ್ರಿಯ ರೊಟ್ಟಿಗೆ ಸಣ್ಣದೊಂದು ಸೀಮೆಎಣ್ಣೆ ಸ್ಟೋವ್ ಉಳಿಯಿತು, ಅಷ್ಟೇ.

ಆದರೆ ರಸ್ತೆಯ ಮೇಲೆ ಅದಿರಿನ ಲಾರಿಗಳು ಹೆಚ್ಚಾದವು. ಒಂದರ ಹಿಂದೆ ಒಂದು, ಮೈಮೇಲೆ ಹೊದಿಕೆ ಇಲ್ಲದೆ, ಕೆಂಪು ಧೂಳು ಚೆಲ್ಲುತ್ತ. ಧೂಳು ಬಂದು ಗಾಜಿನ ಮೇಲೆ ಕೂರುವುದು, ಬಿಸಿಲು ಒಳಗೆ ಇಳಿಯದೆ ಅನ್ನ ಅರೆಬರೆ ಬೇಯುವುದು. ಗಾಜು ಎತ್ತಿ ನೋಡಿದರೆ ಧೂಳು ಪಾತ್ರೆಗೇ ಇಳಿಯುವುದು. ಒಂದು ದಿನ ಕೆಂಪಗಾದ ಅನ್ನವನ್ನು ಮಾಮನ ಮುಂದಿಟ್ಟು ಅತ್ತಿ, "ಇದನ್ನ ಉಣಬೇಕೋ, ಅದಿರಂತ ರೈಲಿಗೆ ತುಂಬಿ ಕಳಸಬೇಕೋ ಹೇಳ್ರಿ" ಎಂದಳು. ಮಾಮ ಉಂಡ.

ಅದರ ಮರುದಿನವೇ ನಾನು ಪೇಡೆಯ ಪೊಟ್ಟಣ ಹಿಡಿದು ಮಾಳಿಗೆ ಹತ್ತಿದ್ದು. ಆಗ ನಾನು ಊರೊಳಗೆ ಬೇರೆ ಕೋಣೆ ಮಾಡಿಕೊಂಡಿದ್ದೆ. ಎಲ್ಲರ ಹಾಗೆ ನಾನೂ ಒಂದು ಅದಿರಿನ ಲಾರಿ ಕೊಂಡಿದ್ದೆ. ಅದರ ಹಣೆಯ ಮೇಲೆ 'ಗೌರಮ್ಮ ತಾಯಿ ಆಶೀರ್ವಾದ' ಎಂದು ಅವ್ವನ ಹೆಸರು ಬರೆಸಿದ್ದೆ. ಸುದ್ದಿಯನ್ನು ಮೊದಲು ಮಾಮನಿಗೇ ಹೇಳಬೇಕೆಂದು ಆಸೆ. ಮಾಮ ಅರಿವೆಯಿಂದ ಗಾಜು ಒರೆಸುತ್ತಿದ್ದ. "ನೋಡಲೇ, ಈ ಲಾರಿ ಮಾಲಕರಿಗೆ ತಾಯಿ ತಂದಿ ಅದಾರೋ ಇಲ್ಲೋ? ಊರ ಮಂದಿ ಅನ್ನದಾಗ ಮಣ್ಣು ಹಾಕ್ತಾರ" ಎಂದು, ಆಮೇಲೆ ನನ್ನ ಕೈ ನೋಡಿ, "ಪೇಡೆ ಯಾಕ?" ಎಂದ.

"ನೌಕರಿ ಸಿಕ್ತು ಮಾಮ. ಅದಿರಿನ ಆಫೀಸ್‌ನಾಗ."

ಆ ಸುಳ್ಳನ್ನು ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ಮಾಮ ಪೇಡೆ ಬಾಯಿಗೆ ಹಾಕಿಕೊಂಡು, "ಚಲೋ ಆತು" ಎಂದ.

ಅಲ್ಲಿಗೇ ಮುಗಿದಿದ್ದರೆ ಬದುಕುತ್ತಿದ್ದೆ. ಮಾಮ ಹೊಸ ಕೆಲಸ ಹಚ್ಚಿಕೊಂಡ. ತಾಡಪತ್ರಿ ಹೊದಿಸದೆ ಓಡುವ ಲಾರಿಗಳ ನಂಬರನ್ನೆಲ್ಲ ಬರೆದು ಆರ್‌ಟಿಓ ಆಫೀಸಿಗೆ ಕೊಡುವುದು. ಪ್ರತಿ ಭಾನುವಾರ ಮಾಳಿಗೆಯ ಮೇಲೆ ಮಾಮ ನಂಬರ್ ಕೂಗಬೇಕು, ಬರೆಯಬೇಕಾದವನು ಯಾರು? ನಾನೇ! ನನ್ನ ಲಾರಿಯೂ ಅದೇ ರಸ್ತೆಯಲ್ಲಿ, ಅದೂ ಬೆತ್ತಲೆಯಾಗಿಯೇ ಓಡುತ್ತಿತ್ತು. ಹೊದಿಸಿ ಬಿಚ್ಚುವುದರಲ್ಲಿ ಅರ್ಧ ಗಂಟೆ ಹಾಳು, ತಾಡಪತ್ರಿಗೆ ರೊಕ್ಕ ಬೇರೆ, ಯಾರೂ ಹೊದಿಸುವುದಿಲ್ಲ ಎಂದು ಬಂಡ್ರಿಯ ನನ್ನ ಡ್ರೈವರ್ ಹೇಳಿದ್ದ. ನಾನು ಹೂಂ ಎಂದಿದ್ದೆ. ಸಿಲಿಂಡರ್ ತೂಗಿಸಿದ್ದಕ್ಕೆ ಮಾಮನನ್ನು ಜಿಪುಣನೆಂದು ನಕ್ಕವನು ನಾನೇ.

ಅವ್ವನ ಹೆಸರು ಹೊತ್ತ ಲಾರಿ ದೂರದಲ್ಲಿ ಕಂಡಾಗಲೆಲ್ಲ ನಾನು ಪೆನ್ನಿನ ಕ್ಯಾಪು ಹುಡುಕತೊಡಗುತ್ತಿದ್ದೆ. ಆದರೆ ನನ್ನ ನಸೀಬು ನೋಡಿ, ಪ್ರತಿ ಸಲವೂ ಸರಿಯಾಗಿ ಅದೇ ಹೊತ್ತಿಗೆ ಮಾಮ ಗಾಜು ಒರೆಸಲು ಬಗ್ಗುತ್ತಿದ್ದ. ಲಾರಿ ದಾಟಿಹೋದ ಮೇಲೆ ತಲೆ ಎತ್ತಿ, "ಯಾವುದಾರ ಬಂತೇನು?" ಎನ್ನುತ್ತಿದ್ದ. "ಇಲ್ಲ ಮಾಮ" ಎನ್ನುತ್ತಿದ್ದೆ. ದೇವರು ನನ್ನ ಕಡೆ ಇದ್ದಾನೆ ಎಂದುಕೊಂಡೆ. ಇಂಥದ್ದಕ್ಕೂ ದೇವರನ್ನು ಕರೆಯುವಷ್ಟು ಮಾನಗೆಟ್ಟಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮಾಮ ಹೇಳಿಕಳಿಸಿದ, ಪಟ್ಟಿ ಮುಗಿಯಿತು, ನಾಳೆ ಆಫೀಸಿಗೆ ಕೊಡುವುದಿದೆ, ಬಾ ಎಂದು. ಮಾಳಿಗೆ ಹತ್ತಿದೆ. ಬಿಸಿಲೊಲೆಯ ಪಕ್ಕ ಹೊಸ ತಾಡಪತ್ರಿಯ ದಪ್ಪ ಸುರುಳಿ ಇತ್ತು. ಅದಕ್ಕೆ ಕಟ್ಟುವ ಹಗ್ಗವೂ ಇತ್ತು.

"ಇದೇನು ಮಾಮ?"

"ಗ್ಯಾಸ್ ಬಿಟ್ಟು ಉಳಿಸಿದ್ನಲ್ಲ, ಆ ರೊಕ್ಕದ್ದು. ಒಯ್ದು ನಿನ್ನ ಲಾರಿಗೆ ಹೊದಸು."

ನಾನು ಸುರುಳಿಯನ್ನೇ ನೋಡುತ್ತ ನಿಂತೆ. ಟ್ಯಾಂಕಿನ ಹಿಂದೆ ಸರಿಯೋಣವೆಂದರೆ ದಾರಿಗೆ ಅಡ್ಡ ಆ ಸುರುಳಿಯೇ ಇತ್ತು.

"ನನ್ನ ತಂಗಿ ಹೆಸರು ಹಣಿಮ್ಯಾಲೆ ಬರಸಿ, ಮೈಮ್ಯಾಲೆ ಅರಿವಿ ಇಲ್ಲದಂಗ ಊರ ತುಂಬ ತಿರುಗಸ್ತಿಯೇನಲೇ?" ಎಂದ ಮಾಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರು ತಿಂಗಳು ಮಾಮ ಮಣ್ಣು ಬಿದ್ದ ಅನ್ನ ಉಂಡಿದ್ದ. ಅದರಲ್ಲಿ ನನ್ನ ಪಾಲಿನ ಮಣ್ಣೂ ಇತ್ತು, ಅದು ಅವನಿಗೆ ಗೊತ್ತಿತ್ತು. ಅಷ್ಟು ದಿನವೂ ನನಗೆ ಅವನ ಸಲುವಾಗಿ ನಾಚಿಕೆಯಾಗಿತ್ತು, ಆ ಹೊತ್ತು ನನ್ನ ಸಲುವಾಗಿ ಆಯಿತು. ಕೇಳಿಯೇ ಬಿಟ್ಟೆ.

"ಗೊತ್ತಿದ್ರ ಪಟ್ಟಿಗೆ ಯಾಕ ಬರಸ್ಲಿಲ್ಲ ಮಾಮ?"

ಮಾಮ ಗಾಜು ಒರೆಸುವ ಅರಿವೆಯನ್ನು ನನ್ನ ಕೈಗೆ ಕೊಟ್ಟ.

"ಬರೆಯಾಂವ ನೀನಿದ್ದ್ಯಲ್ಲೋ. ನಿನ್ನ ಕೈಲೆ ನಿಮ್ಮವ್ವನ ಹೆಸರಿನ ಲಾರಿ ನಂಬರ್ ಹೆಂಗ ಬರಸ್ಲಿ?"

ಆ ಹೊತ್ತಿಗೆ ಕೆಳಗಿನಿಂದ ಅತ್ತಿ, ಅನ್ನ ಆಯಿತೇನೆಂದು ಕೂಗಿದಳು. ನಾನು ಬಗ್ಗಿ ಗಾಜು ಒರೆಸತೊಡಗಿದೆ.